ಗಣಕ ಪದವಿಯ ಮೊದಲ ವರ್ಷದ ಯೋಜನೆ: ಕನ್ನಡ ಶಾಲೆಯ ಶಿಕ್ಷಕರು ಮಾಡಬಹುದಾದ ಕೆಲಸ

ಗಡಿಯಾಚೆಯ ಕನ್ನಡ ಶಾಲೆಗಳಲ್ಲಿ ಓದಿ ಬಿ.ಸಿ.ಎ., ಬಿ.ಎಸ್ಸಿ. ಕಂಪ್ಯೂಟರ್ ಸೈನ್ಸ್ ಅಥವಾ ಬಿ.ಟೆಕ್. ತರಗತಿಗಳಿಗೆ ಸೇರುವ ಮಕ್ಕಳು ಈಗ ಅಪರೂಪವಲ್ಲ. ಪ್ರವೇಶದ ಕಾಲ ಬಂದಾಗ ಅವರ ಪಾಲಕರು ಹಳೆಯ ಶಾಲೆಯ ಶಿಕ್ಷಕರನ್ನೇ ಹುಡುಕಿಕೊಂಡು ಬರುತ್ತಾರೆ. ಕೇಳುವುದು ಸಾಮಾನ್ಯವಾಗಿ ಎರಡು ಪ್ರಶ್ನೆ: ಯಾವ ಕಾಲೇಜು ಒಳ್ಳೆಯದು, ಯಾವ ಲ್ಯಾಪ್‌ಟಾಪ್ ಕೊಳ್ಳಬೇಕು. ಸೇರಿದ ಮೇಲೆ ಮೊದಲ ವರ್ಷವನ್ನು ಹೇಗೆ ನಡೆಸಬೇಕು ಎಂಬ ಮೂರನೆಯ ಪ್ರಶ್ನೆಯನ್ನು ಕೇಳುವವರು ಕಡಿಮೆ. ಈ ಲೇಖನ ಆ ಮೂರನೆಯ ಪ್ರಶ್ನೆಗೆ ಸಂಬಂಧಿಸಿದ್ದು. ನಾವು ಹತ್ತನೆಯ ತರಗತಿಯವರೆಗಿನ ಶಿಕ್ಷಕರು, ಪದವಿಯ ಗೊಡವೆ ನಮಗೇಕೆ ಎಂದು ಯಾರಾದರೂ ಕೇಳಬಹುದು. ಕಾಲೇಜಿನಲ್ಲಿ ಎಡವಿದ ಮಗು ತನ್ನ ಸಂಕಟವನ್ನು ಕನ್ನಡದಲ್ಲಿ ಹೇಳಿಕೊಳ್ಳಬಹುದಾದ, ಓದು ಬಲ್ಲ ವ್ಯಕ್ತಿ ಬಹುತೇಕ ಹಳ್ಳಿಗಳಲ್ಲಿ ನಾವೊಬ್ಬರೇ. ಉತ್ತರ ಇಷ್ಟೇ.

ಅನುತ್ತೀರ್ಣವಾಗಿ ಉಳಿದ ವಿಷಯಕ್ಕೆ ನಮ್ಮ ಗಡಿಗಳಲ್ಲಿ ಬೇರೆ ಬೇರೆ ಹೆಸರುಗಳಿವೆ. ಹೊಸೂರು, ತಾಳವಾಡಿಯ ಮಕ್ಕಳು ಅದನ್ನು ‘ಅರಿಯರ್’ ಎನ್ನುತ್ತಾರೆ, ಕಾಸರಗೋಡಿನಲ್ಲಿ ‘ಸಪ್ಲಿ’, ಸೊಲ್ಲಾಪುರ, ಅಕ್ಕಲಕೋಟೆಯಲ್ಲಿ ‘ಎ.ಟಿ.ಕೆ.ಟಿ.’, ಆದೋನಿ, ರಾಯದುರ್ಗದ ಕಡೆ ‘ಬ್ಯಾಕ್‌ಲಾಗ್’. ಹೆಸರು ಯಾವುದಾದರೂ ಸಂಕಟ ಒಂದೇ. ಮೊದಲ ಸೆಮಿಸ್ಟರಿನಲ್ಲಿ ಹೀಗೆ ಉಳಿಯುವುದು ಹೆಚ್ಚಾಗಿ ಎರಡು ಪತ್ರಿಕೆಗಳು, ಪ್ರೋಗ್ರಾಮಿಂಗ್ ಮತ್ತು ಗಣಿತ. ಮುಂದಿನ ಸೆಮಿಸ್ಟರುಗಳ ಕಟ್ಟಡ ನಿಂತಿರುವುದು ಈ ಎರಡರ ಮೇಲೆಯೇ. ಲೂಪ್ ಮತ್ತು ಅರೇ ತಿಳಿಯದವನಿಗೆ ಡೇಟಾ ಸ್ಟ್ರಕ್ಚರ್ ತಿಳಿಯದು. ಅದು ತಿಳಿಯದವನಿಗೆ ಆಲ್ಗಾರಿದಮ್ ಎಂಬ ಪತ್ರಿಕೆ ಬರಿಯ ಕಂಠಪಾಠವಾಗುತ್ತದೆ. ಶಾಲೆಯಲ್ಲಿ ಮೊದಲಿಗನಾಗಿದ್ದ ಹುಡುಗ ಮನೆಯಲ್ಲಿ ಫಲಿತಾಂಶವನ್ನು ಮುಚ್ಚಿಡುತ್ತಾನೆ. ಎರಡನೆಯ ವರ್ಷದ ನಡುವೆ ‘ನನಗೆ ಕಂಪ್ಯೂಟರ್ ತಲೆಗೆ ಹತ್ತುವುದಿಲ್ಲ’ ಎಂದು ಊರಿಗೆ ಮರಳುತ್ತಾನೆ. ಅವನ ಬುದ್ಧಿಯಲ್ಲಿ ಕೊರತೆ ಇರುವುದಿಲ್ಲ. ಮೊದಲ ಹದಿನೈದು ವಾರಗಳ ಲೆಕ್ಕ ತಪ್ಪಿರುತ್ತದೆ.

ಮೊದಲ ವರ್ಷದಲ್ಲಿ ಇರುವುದೇನು

ಪದವಿಯ ಹೆಸರನ್ನು ನೋಡಿ ಪಾಲಕರು ವರ್ಷವಿಡೀ ಕಂಪ್ಯೂಟರನ್ನೇ ಕಲಿಸುತ್ತಾರೆಂದು ಭಾವಿಸುತ್ತಾರೆ. ಹಾಗಿಲ್ಲ. ಬಿ.ಟೆಕ್. ಮೊದಲ ವರ್ಷದಲ್ಲಿ ಭೌತವಿಜ್ಞಾನ, ಕಲನಶಾಸ್ತ್ರ ಮತ್ತು ಮಾತೃಕೆಗಳ ಗಣಿತ, ವಿದ್ಯುತ್ ವಿಷಯದ ಮೊದಲ ಪಾಠಗಳು, ಎಂಜಿನಿಯರಿಂಗ್ ಚಿತ್ರಣ ಇವೆಲ್ಲ ಇದ್ದು, ಕಂಪ್ಯೂಟರಿನ ಪಾಲು ಬಹುಮಟ್ಟಿಗೆ ಪ್ರೋಗ್ರಾಮಿಂಗಿನ ಒಂದೆರಡು ಪತ್ರಿಕೆಗಳಷ್ಟೇ. ಬಿ.ಸಿ.ಎ. ಮತ್ತು ಬಿ.ಎಸ್ಸಿ.ಗಳಲ್ಲಿ ಆ ಪಾಲು ಹೆಚ್ಚು: ಸಿ ಅಥವಾ ಪೈಥಾನ್ ಭಾಷೆ, ಗಣಕದ ರಚನೆ ಮತ್ತು ಅಂಕೀಯ ತರ್ಕ, ಗಣಗಳು ಹಾಗೂ ತರ್ಕವನ್ನು ಒಳಗೊಂಡ ಗಣಿತ, ಇಂಗ್ಲಿಷ್, ಇನ್ನೊಂದು ಭಾಷೆ, ಪರಿಸರ ಅಧ್ಯಯನ. ಇನ್ನೊಂದು ಭಾಷೆಯ ಆಯ್ಕೆಯಲ್ಲಿ ಕನ್ನಡ ಇದೆಯೇ ಎಂದು ಪ್ರವೇಶದ ದಿನವೇ ವಿಚಾರಿಸಬೇಕು. ಕಾಸರಗೋಡಿನ ಸರಕಾರಿ ಕಾಲೇಜಿನಂತೆ ಕನ್ನಡ ವಿಭಾಗವಿರುವ ಕಡೆ ಈ ಅವಕಾಶವನ್ನು ಬಿಡಬಾರದು. ಅಂಕದ ಲಾಭ ಒಂದು ಕಡೆಗಿರಲಿ, ವಾರದಲ್ಲಿ ಕೆಲವು ಗಂಟೆಗಳಾದರೂ ಮಗು ಪೂರ್ಣ ಆತ್ಮವಿಶ್ವಾಸದಿಂದ ಕುಳಿತುಕೊಳ್ಳುವ ತರಗತಿ ಒಂದಿರುತ್ತದೆ.

ಕರ್ನಾಟಕದ ಕಾಲೇಜುಗಳಿಗೆ ಸಿ.ಇ.ಟಿ. ಮೂಲಕ ಸೇರಬಯಸುವ ಹೊರನಾಡು ಮತ್ತು ಗಡಿನಾಡು ಕನ್ನಡಿಗರಿಗೆ ಪ್ರತ್ಯೇಕ ಅರ್ಹತಾ ನಿಯಮಗಳಿವೆ. ಅವನ್ನು ಆಯಾ ವರ್ಷದ ಮಾಹಿತಿ ಪುಸ್ತಿಕೆಯಲ್ಲಿಯೇ ನೋಡಿಕೊಳ್ಳಬೇಕು. ಇಲ್ಲಿ ಅದನ್ನು ಚರ್ಚಿಸುವುದಿಲ್ಲ.

ಗಂಟೆಗಳ ಲೆಕ್ಕ

ರಾಷ್ಟ್ರೀಯ ಕ್ರೆಡಿಟ್ ಚೌಕಟ್ಟು ಒಂದು ವರ್ಷದ ಓದನ್ನು 40 ಕ್ರೆಡಿಟ್, ಅಂದರೆ 1200 ಕಲಿಕೆಯ ಗಂಟೆಗಳೆಂದು ಎಣಿಸುತ್ತದೆ. ವಿಶ್ವವಿದ್ಯಾಲಯ ಅನುದಾನ ಆಯೋಗದ 2022ರ ಚೌಕಟ್ಟಿನಲ್ಲಿ ಮೂರು ವರ್ಷದ ಪದವಿಗೆ 120, ನಾಲ್ಕು ವರ್ಷದ್ದಕ್ಕೆ 160 ಕ್ರೆಡಿಟ್ ಇರುವುದು ಈ ಲೆಕ್ಕದಿಂದಲೇ. ಕೇರಳದ ವಿಶ್ವವಿದ್ಯಾಲಯಗಳು 2024ರಲ್ಲಿ ನಾಲ್ಕು ವರ್ಷದ ಪದವಿಯನ್ನು ಆರಂಭಿಸಿದ ಮೇಲೆ ಕಾಸರಗೋಡಿನ ಮಕ್ಕಳಿಗೆ ‘ಕ್ರೆಡಿಟ್’ ನಿತ್ಯದ ಮಾತಾಗಿದೆ. ಆದರೆ ಅದರ ಅರ್ಥವನ್ನು ಗಂಟೆಗಳಲ್ಲಿ ಬಿಡಿಸಿ ಹೇಳಿದವರು ಕಡಿಮೆ. ನಾವೇ ಹೇಳೋಣ.

ಸೆಮಿಸ್ಟರಿಗೆ ಹದಿನೈದು ವಾರಗಳಂತೆ ವರ್ಷಕ್ಕೆ ಮೂವತ್ತು ವಾರ. 1200ನ್ನು 30ರಿಂದ ಭಾಗಿಸಿದರೆ ವಾರಕ್ಕೆ 40 ಗಂಟೆ. ಇದರಲ್ಲಿ ತರಗತಿ ಮತ್ತು ಪ್ರಯೋಗಾಲಯಕ್ಕೆ ಸುಮಾರು 24 ಗಂಟೆ ಹೋಗುತ್ತದೆ. ಉಳಿದ 16 ಗಂಟೆ ವಿದ್ಯಾರ್ಥಿ ತಾನೇ ಕುಳಿತು ಮಾಡಬೇಕಾದ ಕೆಲಸ. ಈ ಹದಿನಾರು ಗಂಟೆ ವೇಳಾಪಟ್ಟಿಯಲ್ಲಿ ಎಲ್ಲಿಯೂ ಅಚ್ಚಾಗುವುದಿಲ್ಲ, ಯಾರೂ ಹಾಜರಿ ಕರೆಯುವುದಿಲ್ಲ. ಶಾಲೆಯಲ್ಲಿ ಪ್ರತಿ ಗಂಟೆಗೂ ಒಬ್ಬ ಶಿಕ್ಷಕರಿದ್ದ ಮಗುವಿಗೆ ಮಧ್ಯಾಹ್ನ ಎರಡಕ್ಕೆ ತರಗತಿ ಮುಗಿದರೆ ದಿನವೇ ಮುಗಿದಂತೆ ತೋರುತ್ತದೆ.

ಇನ್ನು ಬಸ್ಸಿನ ಲೆಕ್ಕ. ಹೋಗಿಬರಲು ದಿನಕ್ಕೆ ಮೂರು ಗಂಟೆ ಹಿಡಿದರೆ ವಾರದ ಆರು ದಿನಗಳಲ್ಲಿ 18 ಗಂಟೆ. ಸ್ವಂತ ಓದಿಗೆಂದು ಉಳಿದದ್ದು 16. ಬಸ್ಸು ಅದನ್ನೆಲ್ಲ ನುಂಗಿ ಇನ್ನೂ ಎರಡು ಗಂಟೆ ಕೇಳುತ್ತದೆ! ತಾಳವಾಡಿಯಿಂದ ಸತ್ಯಮಂಗಲದ ಕಡೆಗೆ ಇಳಿಯಬೇಕಾದರೆ ದಿಂಬಂ ಘಾಟಿಯ 27 ತಿರುವುಗಳನ್ನು ದಾಟಬೇಕು. ಆ ದಾರಿಯಲ್ಲಿ ಬಸ್ಸಿನಲ್ಲಿ ಪುಸ್ತಕ ಬಿಡಿಸುವುದು ಆಗದ ಮಾತು. ಆದ್ದರಿಂದ ಕಾಲೇಜಿನ ಆಯ್ಕೆಯ ಸಮಯದಲ್ಲಿ ಹೆಸರಿಗಿಂತ ಮೊದಲು ದೂರವನ್ನೂ ವಸತಿಯನ್ನೂ ನೋಡುವಂತೆ ಪಾಲಕರಿಗೆ ಹೇಳುವುದು ನಮ್ಮ ಮೊದಲ ಕೆಲಸ. ಹೆಣ್ಣುಮಕ್ಕಳ ವಿಷಯದಲ್ಲಿ ಇದು ಇನ್ನೂ ಸೂಕ್ಷ್ಮ. ‘ದಿನಾ ಮನೆಗೆ ಬರಲಿ’ ಎಂಬ ಷರತ್ತಿನ ಮೇಲೆ ಓದಲು ಬಿಡುವ ಮನೆಗಳಲ್ಲಿ, ಮನೆಗೆ ಬಂದ ಮೇಲೆ ಒಲೆ, ನೀರು, ತಮ್ಮ ತಂಗಿಯರ ಕೆಲಸವೂ ಕಾದಿರುತ್ತದೆ. ಅಂಥ ಮನೆಗೆ ಈ 40, 24, 16, 18ರ ಲೆಕ್ಕವನ್ನು ಕಾಗದದ ಮೇಲೆ ಬರೆದು ತೋರಿಸಿದರೆ, ಉಪದೇಶಕ್ಕೆ ಒಲಿಯದ ತಂದೆ ಅಂಕಿಗಳಿಗೆ ಒಲಿಯುವುದುಂಟು. ವಸತಿ ಸಾಧ್ಯವೇ ಇಲ್ಲವೆಂದಾದರೆ, ಸಂಜೆ ಕಾಲೇಜಿನ ಪ್ರಯೋಗಾಲಯದಲ್ಲೋ ಗ್ರಂಥಾಲಯದಲ್ಲೋ ಒಂದೂವರೆ ಗಂಟೆ ಕುಳಿತು ಮುಂದಿನ ಬಸ್ಸಿಗೆ ಬರುವ ಒಪ್ಪಂದವನ್ನಾದರೂ ಮಾಡಿಸಬೇಕು.

ಹದಿನಾರು ಗಂಟೆಗಳನ್ನು ಹಂಚುವ ಬಗೆ ಒಬ್ಬೊಬ್ಬರಿಗೆ ಒಂದೊಂದು ರೀತಿ ಇರಬಹುದು. ನನ್ನ ಸಲಹೆ: ಏಳು ಗಂಟೆ ಪ್ರೋಗ್ರಾಮಿಂಗ್, ನಾಲ್ಕು ಗಂಟೆ ಗಣಿತ, ಎರಡು ಗಂಟೆ ಅಂಕೀಯ ತರ್ಕ, ಉಳಿದ ಮೂರು ಗಂಟೆ ಇಂಗ್ಲಿಷಿಗೂ ಬೇರೆ ಪತ್ರಿಕೆಗಳಿಗೂ. ಪ್ರೋಗ್ರಾಮಿಂಗಿನ ಏಳು ಗಂಟೆ ದಿನಕ್ಕೊಂದರಂತೆ ಏಳು ದಿನ ಇರಬೇಕೇ ಹೊರತು ಭಾನುವಾರ ಒಮ್ಮೆಗೇ ಏಳು ಗಂಟೆಯಲ್ಲ. ಇದು ಸಂಗೀತದ ಸಾಧಕದ ಹಾಗೆ. ಕೈ ದಿನವೂ ಆಡಬೇಕು.

ಮೂರು ಭಾಷೆಗಳ ತರಗತಿ

ಪಠ್ಯಪುಸ್ತಕ ಮತ್ತು ಪ್ರಶ್ನೆಪತ್ರಿಕೆ ಇಂಗ್ಲಿಷಿನಲ್ಲಿ. ಅಧ್ಯಾಪಕರು ಕಷ್ಟದ ಅಂಶ ಬಂದಾಗ ಜಾರುವುದು ಮಲಯಾಳಕ್ಕೆ, ತಮಿಳಿಗೆ, ಮರಾಠಿಗೆ ಅಥವಾ ತೆಲುಗಿಗೆ. ಮಗು ಯೋಚಿಸುವುದು ಕನ್ನಡದಲ್ಲಿ. ಗಡಿಯ ವಿದ್ಯಾರ್ಥಿಗೆ ರಾಜ್ಯಭಾಷೆ ಕಿವಿಗೆ ಪರಿಚಿತವಾದ್ದರಿಂದ ಎರಡನೆಯದು ತೊಡಕಾಗುವುದಿಲ್ಲ. ಎಷ್ಟೋ ಬಾರಿ ಅದೇ ಸಹಾಯಕ್ಕೆ ಬರುತ್ತದೆ. ತೊಡಕಿರುವುದು ಇಂಗ್ಲಿಷಿನಲ್ಲಿ, ಅದೂ ನಾವು ಊಹಿಸದ ಜಾಗದಲ್ಲಿ. ಉದ್ದುದ್ದ ಪಾರಿಭಾಷಿಕ ಪದಗಳು ಎಲ್ಲರಿಗೂ ಹೊಸವು; ಇಂಗ್ಲಿಷ್ ಮಾಧ್ಯಮದಿಂದ ಬಂದವನಿಗೂ ‘ರಿಕರ್ಷನ್’ ಮೊದಲ ಬಾರಿಗೆ ಕೇಳುವ ಮಾತೇ. ಕನ್ನಡದ ಮಗು ಸೋಲುವುದು ಪರಿಚಿತವೆಂದು ತೋರುವ ಸಣ್ಣ ಪದಗಳಲ್ಲಿ.

‘ಆರ್ಗ್ಯುಮೆಂಟ್’ ಎಂಬುದಕ್ಕೆ ನಿಘಂಟಿನಲ್ಲಿ ವಾದ, ಜಗಳ ಎಂದಿದೆ. ಪ್ರೋಗ್ರಾಮಿನಲ್ಲಿ ಅದು ಒಂದು ಫಂಕ್ಷನ್ನಿನ ಕೈಗೆ ನಾವು ಕೊಡುವ ಬೆಲೆ. ‘ಸ್ಟ್ರಿಂಗ್’ ದಾರವಲ್ಲ, ಸಾಲಾಗಿ ಪೋಣಿಸಿದ ಅಕ್ಷರಗಳು. ಇಲ್ಲಿ ದಾರದ ಅರ್ಥ ಸ್ವಲ್ಪ ನೆರವಾಗುತ್ತದೆ. ‘ರಿಟರ್ನ್’ ಎಂದರೆ ಹಿಂದಿರುಗು ಎಂದಷ್ಟೇ ತಿಳಿದವನಿಗೆ ಅದು ಉತ್ತರವನ್ನು ಹೊತ್ತುಕೊಂಡು ಹಿಂದಿರುಗುತ್ತದೆ ಎಂಬುದು ಹೊಳೆಯುವುದಿಲ್ಲ. ಪ್ರಶ್ನೆಪತ್ರಿಕೆಯ ಕ್ರಿಯಾಪದಗಳು ಇನ್ನೊಂದು ಬಗೆಯ ಬಲೆ. ‘ಡಿಫರೆನ್ಶಿಯೇಟ್’ ಎಂಬ ಒಂದೇ ಪದ ಗಣಿತದ ಪತ್ರಿಕೆಯಲ್ಲಿ ಅವಕಲಿಸು ಎಂದೂ ಗಣಕದ ಪತ್ರಿಕೆಯಲ್ಲಿ ವ್ಯತ್ಯಾಸ ತಿಳಿಸು ಎಂದೂ ಆಗುತ್ತದೆ. ‘ಟ್ರೇಸ್’ ಎಂದರೆ ಪ್ರೋಗ್ರಾಮನ್ನು ವಿವರಿಸುವುದಲ್ಲ, ಒಂದೊಂದು ಹೆಜ್ಜೆಯಲ್ಲಿ ಒಂದೊಂದು ಚರಾಕ್ಷರದ ಬೆಲೆ ಏನಾಯಿತೆಂದು ಬರೆಯುವುದು. ಉತ್ತರ ಗೊತ್ತಿದ್ದೂ ಪ್ರಶ್ನೆ ತಿಳಿಯದೆ ಅಂಕ ಕಳೆದುಕೊಳ್ಳುವ ದುಃಖ ದೊಡ್ಡದು. ಹತ್ತನೆಯ ತರಗತಿಯ ಇಂಗ್ಲಿಷ್ ಪಾಠದಲ್ಲಿ ಇಂಥ ಇಪ್ಪತ್ತು ಪ್ರಶ್ನಾಕ್ರಿಯಾಪದಗಳನ್ನು ಬೇರೆಯಾಗಿ ಅಭ್ಯಾಸ ಮಾಡಿಸಲು ಎರಡು ಅವಧಿ ಸಾಕು. ಯಾವ ಪಠ್ಯಕ್ರಮವೂ ಅದಕ್ಕೆ ಅಡ್ಡಿ ಬರುವುದಿಲ್ಲ.

ದೋಷಸಂದೇಶಗಳ ಬಗೆಗೆ ಸ್ವಲ್ಪ ವಿಸ್ತಾರವಾಗಿ ಹೇಳಬೇಕು. ವಿದ್ಯಾರ್ಥಿ ಬರೆದ ಪ್ರೋಗ್ರಾಮನ್ನು ಯಂತ್ರಕ್ಕೆ ತಿಳಿಯುವಂತೆ ಮಾರ್ಪಡಿಸುವ ಕಂಪೈಲರ್, ತಪ್ಪು ಕಂಡಾಗ ಇಂಗ್ಲಿಷಿನಲ್ಲಿ ಒಂದು ವಾಕ್ಯ ಹೇಳುತ್ತದೆ. ನಮ್ಮ ಮಕ್ಕಳು ಆ ವಾಕ್ಯವನ್ನು ಓದುವುದೇ ಇಲ್ಲ. ಕೆಂಪಕ್ಷರ ಕಂಡೊಡನೆ ಬೈಗುಳವೆಂದು ಭಾವಿಸಿ ಪಕ್ಕದವನ ಪರದೆಯನ್ನು ನೋಡಿ ನಕಲು ಮಾಡುತ್ತಾರೆ. ಅಲ್ಲಿಂದ ಮುಂದೆ ಪ್ರಯೋಗಾಲಯದ ಪ್ರತಿ ಗಂಟೆಯೂ ವ್ಯರ್ಥ. ವಾಸ್ತವದಲ್ಲಿ ಆ ಸಂದೇಶಗಳ ಶಬ್ದಭಂಡಾರ ತೀರ ಚಿಕ್ಕದು. ‘ಎಕ್ಸ್‌ಪೆಕ್ಟೆಡ್’ ಎಂದರೆ ಇಲ್ಲಿ ಇಂಥ ಚಿಹ್ನೆ ಬರಬೇಕಿತ್ತು, ಬಂದಿಲ್ಲ. ‘ಬಿಫೋರ್’ ಎಂದರೆ ಇದಕ್ಕಿಂತ ಮುಂಚೆ. ‘ಅನ್‌ಡಿಕ್ಲೇರ್ಡ್’ ಎಂದರೆ ಈ ಹೆಸರನ್ನು ನೀನು ಮೊದಲು ಪರಿಚಯಿಸಿಲ್ಲ. ಹೆಚ್ಚಾಗಿ ಕಾಗುಣಿತದ ತಪ್ಪು. ‘ಅನ್‌ಡಿಫೈನ್ಡ್ ರೆಫರೆನ್ಸ್’ ಎಂದರೆ ಹೆಸರು ಹೇಳಿದ್ದೀ, ಆದರೆ ಆ ಕೆಲಸ ಬರೆದಿರುವ ಜಾಗ ಸಿಗುತ್ತಿಲ್ಲ. ‘ಟೂ ಫ್ಯೂ ಆರ್ಗ್ಯುಮೆಂಟ್ಸ್’ ಎಂದರೆ ಫಂಕ್ಷನ್ನಿಗೆ ಕೊಡಬೇಕಾದಷ್ಟು ಬೆಲೆಗಳನ್ನು ಕೊಟ್ಟಿಲ್ಲ. ಪೈಥಾನಿನಲ್ಲಿ ‘ಇಂಡೆಂಟೇಷನ್’ ಎಂಬ ಮಾತು ಬಂದರೆ ಸಾಲಿನ ಆರಂಭದ ಖಾಲಿ ಜಾಗ ಸರಿಯಾಗಿಲ್ಲ. ಹೀಗೆ ಹದಿನೈದು ಪದಗಳನ್ನು ಕನ್ನಡದಲ್ಲಿ ಬಿಡಿಸಿ ಬರೆದುಕೊಂಡರೆ ಮೊದಲ ಸೆಮಿಸ್ಟರಿನ ಬಹುಪಾಲು ಸಂದೇಶಗಳು ಅರ್ಥವಾಗುತ್ತವೆ. ಜೊತೆಗೆ ಎರಡು ಉಪಾಯ: ದೋಷವು ಸೂಚಿಸಿದ ಸಾಲಿನಲ್ಲಿ ಇಲ್ಲದಿದ್ದರೆ ಅದರ ಹಿಂದಿನ ಸಾಲನ್ನು ನೋಡುವುದು, ಹತ್ತು ಸಂದೇಶ ಬಂದಿದ್ದರೆ ಮೊದಲನೆಯದನ್ನು ಮಾತ್ರ ಸರಿಪಡಿಸಿ ಮತ್ತೆ ನಡೆಸುವುದು. ಉಳಿದ ಒಂಬತ್ತರಲ್ಲಿ ಅನೇಕವು ತಾವಾಗಿಯೇ ಮಾಯವಾಗುತ್ತವೆ.

ಟಿಪ್ಪಣಿಯ ಪುಸ್ತಕದಲ್ಲಿ ಪುಟವನ್ನು ಎರಡು ಭಾಗ ಮಾಡಿ, ಎಡಗಡೆ ಅಧ್ಯಾಪಕರ ಇಂಗ್ಲಿಷ್ ವಾಕ್ಯ, ಬಲಗಡೆ ಅದೇ ದಿನ ಸಂಜೆ ಸ್ವಂತ ಕನ್ನಡದಲ್ಲಿ ವಿವರಣೆ ಬರೆಯುವ ಅಭ್ಯಾಸವನ್ನು ನಾನು ಒತ್ತಿ ಹೇಳುತ್ತೇನೆ. ಪಾರಿಭಾಷಿಕ ಪದವನ್ನು ಮಾತ್ರ ಅನುವಾದಿಸಬಾರದು. ‘ಪಾಯಿಂಟರ್’ ಪಾಯಿಂಟರ್ ಆಗಿಯೇ ಇರಲಿ. ‘ಇದು ಬೆಲೆಯನ್ನು ಇಟ್ಟುಕೊಳ್ಳುವುದಿಲ್ಲ, ಬೆಲೆ ಇರುವ ಮನೆಯ ವಿಳಾಸವನ್ನು ಇಟ್ಟುಕೊಳ್ಳುತ್ತದೆ’ ಎಂಬ ವಿವರಣೆ ಕನ್ನಡದಲ್ಲಿರಲಿ. ಕನ್ನಡಾಭಿಮಾನದಿಂದ ಪ್ರತಿ ಪದಕ್ಕೂ ಸಂಸ್ಕೃತದ ಸಮಾನಪದ ಹುಡುಕಿ ಕೊಟ್ಟರೆ ಮಗು ಒಂದರ ಬದಲು ಎರಡು ಅಪರಿಚಿತ ಪದಗಳನ್ನು ಹೊರಬೇಕಾಗುತ್ತದೆ. ನಮ್ಮಲ್ಲಿ ಕೆಲವರಿಗೆ ಈ ಮಾತು ರುಚಿಸದಿರಬಹುದು.

ಛಂದಸ್ಸಿನ ಪಾಠದಲ್ಲಿ ಅಡಗಿರುವ ಗಣಿತ

ಗಣಿತದ ಪತ್ರಿಕೆಯ ಭಯವನ್ನು ಕಡಿಮೆ ಮಾಡಲು ಕನ್ನಡ ಶಿಕ್ಷಕರ ಬಳಿ ಒಂದು ಸಾಧನವಿದೆ. ಗಣಕದೊಳಗೆ ಎಲ್ಲವೂ ಸೊನ್ನೆ ಮತ್ತು ಒಂದು ಎಂಬ ಎರಡೇ ಸಂಕೇತಗಳಿಂದ ನಡೆಯುತ್ತದೆ ಎಂದು ಅಂಕೀಯ ತರ್ಕದ ಮೊದಲ ಪಾಠ ಹೇಳುತ್ತದೆ. ಗುರು, ಲಘು ಎಂಬ ಎರಡೇ ಸಂಕೇತಗಳಿಂದ ಪದ್ಯದ ನಡಿಗೆಯನ್ನೆಲ್ಲ ಬರೆಯುವುದನ್ನು ನಮ್ಮ ಮಕ್ಕಳು ಪ್ರೌಢಶಾಲೆಯಲ್ಲಿಯೇ ಕಲಿತಿದ್ದಾರೆ. ಮೂರು ಅಕ್ಷರಗಳಿಗೆ ಎಂಟು ಗಣಗಳು ಏಕೆ? ಪ್ರತಿ ಸ್ಥಾನಕ್ಕೂ ಎರಡು ಆಯ್ಕೆ, ಎರಡನ್ನು ಮೂರು ಬಾರಿ ಗುಣಿಸಿದರೆ ಎಂಟು. ಇದೇ ಮೂರು ಬಿಟ್‌ಗಳ ಪಾಠ.

ಪ್ರಸ್ತಾರದ ಸಾಂಪ್ರದಾಯಿಕ ಅನುಕ್ರಮ ಮ, ಯ, ರ, ಸ, ತ, ಜ, ಭ, ನ. ಗುರುವಿಗೆ 0, ಲಘುವಿಗೆ 1 ಎಂದು ಬರೆದು, ಎಡಗಡೆಯ ಸ್ಥಾನವನ್ನು ಬಿಡಿಸ್ಥಾನವೆಂದು ತೆಗೆದುಕೊಂಡು, ಎಡದಿಂದ 1, 2, 4 ಎಂದು ಸ್ಥಾನಬೆಲೆ ಕೊಡಿ. ಮೂರೂ ಗುರುವಾದ ಮಗಣ 0, ಲಘು ಗುರು ಗುರುವಾದ ಯಗಣ 1, ಗುರು ಲಘು ಗುರುವಾದ ರಗಣ 2, ಸಗಣ 3, ಹೀಗೆಯೇ ಮುಂದುವರಿದು ಮೂರೂ ಲಘುವಾದ ನಗಣ 7. ನಮ್ಮ ಪ್ರಸ್ತಾರ ದ್ವಿಮಾನ ಪದ್ಧತಿಯ ಎಣಿಕೆಯ ಕ್ರಮದಲ್ಲಿಯೇ ನಡೆದಿದೆ! ಇದನ್ನು ಕಪ್ಪುಹಲಗೆಯ ಮೇಲೆ ಮಕ್ಕಳಿಂದಲೇ ಬರೆಸಬೇಕು. ನಾವು ಬರೆದು ತೋರಿಸಿದರೆ ಅರ್ಧ ಸಂತೋಷ ಹೋಗುತ್ತದೆ.

ಮಾತ್ರಾಗಣ ಇನ್ನೂ ಒಂದು ಹೆಜ್ಜೆ ಮುಂದೆ ಕರೆದೊಯ್ಯುತ್ತದೆ. ಲಘುವಿಗೆ ಒಂದು ಮಾತ್ರೆ, ಗುರುವಿಗೆ ಎರಡು. ಮೂರು ಮಾತ್ರೆಯ ಗಣ ಮೂರು ವಿಧ. ನಾಲ್ಕು ಮಾತ್ರೆಯದು ಐದು ವಿಧ. ಐದು ಮಾತ್ರೆಯದು ಎಷ್ಟು ವಿಧ ಎಂದು ಕೇಳಿ, ಬರೆದು ಎಣಿಸಲು ಬಿಡದೆ ಯೋಚಿಸಲು ಹೇಳಬೇಕು. ಗಣದ ಕೊನೆಯಲ್ಲಿ ಲಘುವಿದ್ದರೆ ಹಿಂದೆ ಉಳಿದದ್ದು ನಾಲ್ಕು ಮಾತ್ರೆ, ಅದು ಐದು ವಿಧ. ಕೊನೆಯಲ್ಲಿ ಗುರುವಿದ್ದರೆ ಹಿಂದೆ ಉಳಿದದ್ದು ಮೂರು ಮಾತ್ರೆ, ಅದು ಮೂರು ವಿಧ. ಒಟ್ಟು ಎಂಟು. ಆರು ಮಾತ್ರೆಗೆ ಎಂಟು ಮತ್ತು ಐದು ಸೇರಿ ಹದಿಮೂರು. ಜಗತ್ತು ಫಿಬೊನಾಚಿಯ ಹೆಸರಿನಿಂದ ಕರೆಯುವ ಈ ಸಂಖ್ಯಾಶ್ರೇಣಿ ಅವನ 1202ರ ಗ್ರಂಥಕ್ಕಿಂತ ಮೊದಲೇ, ಹನ್ನೆರಡನೆಯ ಶತಮಾನದ ಹೇಮಚಂದ್ರನ ಛಂದಸ್ಸಿನ ವಿವೇಚನೆಯಲ್ಲಿದೆ. ದೊಡ್ಡ ಪ್ರಶ್ನೆಯ ಉತ್ತರವನ್ನು ಅದೇ ಬಗೆಯ ಚಿಕ್ಕ ಪ್ರಶ್ನೆಗಳ ಉತ್ತರದಿಂದ ಪಡೆಯುವ ಈ ಕ್ರಮಕ್ಕೇ ರಿಕರ್ಷನ್ ಎಂದು ಹೆಸರು. ಮೊದಲ ವರ್ಷದಲ್ಲಿ ಅತಿ ಹೆಚ್ಚು ಮಕ್ಕಳನ್ನು ಕಂಗೆಡಿಸುವ ಪಾಠಗಳಲ್ಲಿ ಅದೊಂದು. ಷಟ್ಪದಿಯನ್ನು ಗಣವಿಭಾಗ ಮಾಡಿದ ವಿದ್ಯಾರ್ಥಿ ಅದರ ಬಾಗಿಲಲ್ಲಿ ಆಗಲೇ ನಿಂತಿರುತ್ತಾನೆ.

ಹದಿನೈದು ವಾರಗಳು

ಪದವಿಗೆ ಸೇರುವ ಮುಂಚಿನ ಬೇಸಿಗೆಯಲ್ಲಿ ಎರಡು ಕೆಲಸ ಆಗಬೇಕು. ಮೊದಲನೆಯದು, ಕೀಲಿಮಣೆಯನ್ನು ನೋಡದೆ ಬೆರಳಚ್ಚು ಮಾಡುವ ಅಭ್ಯಾಸ, ದಿನಕ್ಕೆ ಅರ್ಧ ಗಂಟೆಯಂತೆ. ಎರಡನೆಯದು ಶಾಲಾಗಣಿತದ ಪುನರಾವರ್ತನೆ: ಘಾತಾಂಕ, ಗಣಗಳು, ಕ್ರಮಯೋಜನೆ ಮತ್ತು ವಿಕಲ್ಪ, ಮಾತೃಕೆ. ಹನ್ನೆರಡನೆಯ ತರಗತಿಯಲ್ಲಿ ಗಣಿತವನ್ನು ಬಿಟ್ಟು ಬಿ.ಸಿ.ಎ.ಗೆ ಸೇರುವವರಿಗೆ ಇದು ಅನಿವಾರ್ಯ. ದುಬಾರಿ ‘ಕೋಡಿಂಗ್’ ಶಿಬಿರ ಬೇಕಿಲ್ಲ.

ಮೊದಲ ಮೂರು ವಾರ ಎಲ್ಲವೂ ಸುಲಭವೆಂದು ತೋರುತ್ತದೆ. ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಎ.ಐ.ಸಿ.ಟಿ.ಇ. ಸೂಚಿಸಿರುವ ಮೂರು ವಾರಗಳ ಪರಿಚಯ ಕಾರ್ಯಕ್ರಮವೂ ಈ ಅವಧಿಯಲ್ಲಿಯೇ ನಡೆಯುತ್ತದೆ. ನಾಲ್ಕನೆಯ ವಾರದ ಹೊತ್ತಿಗೆ ಲೂಪ್ ಬರುತ್ತದೆ. ಅಲ್ಲಿ ತರಗತಿ ಎರಡಾಗಿ ಒಡೆಯುತ್ತದೆ. ಒಂದು ಗುಂಪು ಪ್ರೋಗ್ರಾಮನ್ನು ತಾನೇ ಕಟ್ಟಲು ಆರಂಭಿಸುತ್ತದೆ, ಇನ್ನೊಂದು ಕಂಠಪಾಠ ಮಾಡಲು ಆರಂಭಿಸುತ್ತದೆ. ಕಂಠಪಾಠದಲ್ಲಿ ನಮ್ಮ ಮಕ್ಕಳು ಗಟ್ಟಿಗರಾದ್ದರಿಂದ ಅಪಾಯ ಹೆಚ್ಚು. ಇಪ್ಪತ್ತು ಪ್ರೋಗ್ರಾಮುಗಳನ್ನು ಬಾಯಿಪಾಠ ಮಾಡಿ ಮೊದಲ ಆಂತರಿಕ ಪರೀಕ್ಷೆಯಲ್ಲಿ ಒಳ್ಳೆಯ ಅಂಕ ಪಡೆದವರೇ ಸೆಮಿಸ್ಟರಿನ ಕೊನೆಯಲ್ಲಿ, ಪ್ರಶ್ನೆ ಸ್ವಲ್ಪ ತಿರುಗಿಸಿ ಬಂದಾಗ, ಖಾಲಿ ಹಾಳೆ ಕೊಡುತ್ತಾರೆ.

ಇದಕ್ಕೆ ಔಷಧ ಕಾಗದದ ಮೇಲಿನ ಟ್ರೇಸ್. ಉದಾಹರಣೆಗೆ 472ರ ಅಂಕಿಗಳ ಮೊತ್ತ ಕಂಡುಹಿಡಿಯುವ ಪ್ರೋಗ್ರಾಮ್. ಹತ್ತರಿಂದ ಭಾಗಿಸಿದರೆ ಶೇಷ 2, ಉಳಿದದ್ದು 47, ಮೊತ್ತ 2. ಮತ್ತೆ ಭಾಗಿಸಿದರೆ ಶೇಷ 7, ಉಳಿದದ್ದು 4, ಮೊತ್ತ 9. ಮತ್ತೊಮ್ಮೆ, ಶೇಷ 4, ಉಳಿದದ್ದು 0, ಮೊತ್ತ 13. ಉಳಿದದ್ದು ಸೊನ್ನೆಯಾದ್ದರಿಂದ ನಿಲ್ಲುತ್ತದೆ. ಈ ಮೂರು ಸಾಲುಗಳ ಕೋಷ್ಟಕವನ್ನು ಕೈಯಲ್ಲಿ ಬರೆದವನು ಲೂಪ್ ಎಂದರೇನೆಂದು ಕಂಡಂತೆಯೇ. ಇದನ್ನು ಎಂಟನೆಯ ತರಗತಿಯ ಗಣಿತದ ಅವಧಿಯಲ್ಲಿಯೂ ಮಾಡಿಸಬಹುದು. ವಿದ್ಯುತ್ತೂ ಬೇಡ, ಯಂತ್ರವೂ ಬೇಡ. ದಿನಕ್ಕೆ ಒಂದು ಪ್ರೋಗ್ರಾಮನ್ನು ಕಾಗದದ ಮೇಲೆ ಹೀಗೆ ನಡೆಸಿ ನೋಡಿ, ಆಮೇಲೆ ಯಂತ್ರದಲ್ಲಿ ಹಾಕಿ, ಆಮೇಲೆ ಅದರಲ್ಲಿ ಒಂದನ್ನು ಬದಲಿಸಿ ಏನಾಗುವುದೆಂದು ಮೊದಲೇ ಊಹಿಸುವುದು. ಏಳು ಗಂಟೆಗಳು ಹೀಗೆ ಖರ್ಚಾಗಬೇಕು.

ಆರನೆಯ ವಾರದಲ್ಲಿ ನಾವು ಒಂದು ದೂರವಾಣಿ ಕರೆ ಮಾಡಬೇಕು. ‘ಹೇಗಿದ್ದೀಯ’ ಎಂದು ಕೇಳಿದರೆ ‘ಚೆನ್ನಾಗಿದ್ದೇನೆ ಸಾರ್’ ಎಂಬ ಉತ್ತರ ಸಿದ್ಧವಾಗಿರುತ್ತದೆ. ಅದರ ಬದಲು ‘ಈ ವಾರ ಯಾವ ಪ್ರೋಗ್ರಾಮ್ ನಡೆಯಲಿಲ್ಲ, ಯಂತ್ರ ಏನು ಹೇಳಿತು, ಓದಿ ಹೇಳು’ ಎಂದು ಕೇಳಬೇಕು. ಉತ್ತರ ಹೇಳಬಲ್ಲ ಮಗು ಸರಿದಾರಿಯಲ್ಲಿದೆ. ‘ಎಲ್ಲ ನಡೆಯುತ್ತಿದೆ’ ಎಂದರೆ ನಕಲು ನಡೆಯುತ್ತಿದೆ ಎಂದೇ ಬಗೆಯಬಹುದು. ತರಗತಿಯಲ್ಲಿ ಕೈಯೆತ್ತಿ ಕೇಳಲು ನಾಚುವ ಮಗುವಿಗೆ ಪ್ರಶ್ನೆಯನ್ನು ಚೀಟಿಯಲ್ಲಿ ಬರೆದು ತರಗತಿಯ ನಂತರ ಅಧ್ಯಾಪಕರಿಗೆ ತೋರಿಸಲು ಹೇಳಿ. ಆ ಒಂದು ವಾಕ್ಯವನ್ನು ಇಂಗ್ಲಿಷಿನಲ್ಲಿ ಹೇಗೆ ಬರೆಯಬೇಕೆಂದು ನಮ್ಮ ಇಂಗ್ಲಿಷ್ ಶಿಕ್ಷಕರು ಹೇಳಿಕೊಡಬಹುದು. ಹತ್ತನೆಯ ವಾರದ ನಂತರ ಹೊಸ ಅಭ್ಯಾಸ ಆರಂಭಿಸಲು ಸಮಯವಿರುವುದಿಲ್ಲ. ಹಳೆಯ ಪ್ರಶ್ನೆಪತ್ರಿಕೆಗಳನ್ನು ಕೈಬರಹದಲ್ಲಿ ಬಿಡಿಸುವುದೊಂದೇ ದಾರಿ. ಎಷ್ಟು ಅಂಕ ಆಂತರಿಕಕ್ಕೆ, ಹಾಜರಿ ಎಷ್ಟು ಬೇಕು ಎಂಬುದನ್ನು ಮೊದಲ ವಾರವೇ ಬರೆದಿಟ್ಟುಕೊಂಡಿರಬೇಕು. ಊರಿನ ಜಾತ್ರೆ, ಸುಗ್ಗಿ, ಮದುವೆಗಳಿಗೆ ಕರೆಸಿಕೊಳ್ಳುವ ಮನೆಯವರಿಗೂ ಅದು ತಿಳಿದಿರಲಿ.

ಯಂತ್ರ ಮತ್ತು ಕನ್ನಡದಲ್ಲಿ ಸಿಗುವ ನೆರವು

ಲ್ಯಾಪ್‌ಟಾಪಿನ ಪ್ರಶ್ನೆಗೆ ಚಿಕ್ಕ ಉತ್ತರ: ಸಾಲ ಮಾಡಿ ಅವಸರದಲ್ಲಿ ಕೊಳ್ಳಬೇಡಿ. ಮೊದಲ ವರ್ಷದ ಸಿ ಮತ್ತು ಪೈಥಾನ್ ಕೆಲಸಗಳಿಗೆ ಹಳೆಯ ಯಂತ್ರವೂ ಸಾಕು, ಉಚಿತವಾಗಿ ದೊರೆಯುವ ಲಿನಕ್ಸ್ ಹಾಕಿದರೆ ಇನ್ನೂ ಚೆನ್ನ. ಕಾಲೇಜಿನ ಪ್ರಯೋಗಾಲಯ ಸಂಜೆ ಎಷ್ಟು ಹೊತ್ತಿನವರೆಗೆ ತೆರೆದಿರುತ್ತದೆ ಎಂದು ತಿಳಿದ ಮೇಲೆ ನಿರ್ಧರಿಸಿದರಾಯಿತು. ಮೊಬೈಲಿನಲ್ಲಿ ಪಾಠ ನೋಡಬಹುದೇ ಹೊರತು ಪ್ರೋಗ್ರಾಮ್ ಬರೆಯುವ ಕೈ ಅದರಲ್ಲಿ ಕುದುರುವುದಿಲ್ಲ.

ಕನ್ನಡದಲ್ಲಿ ನೆರವು ಇಲ್ಲವೆಂದು ನಿರಾಶರಾಗಬೇಕಿಲ್ಲ. ಮುಂಬಯಿ ಐ.ಐ.ಟಿ.ಯ ಸ್ಪೋಕನ್ ಟ್ಯುಟೋರಿಯಲ್ ಯೋಜನೆಯಲ್ಲಿ ಹತ್ತು ಹತ್ತು ನಿಮಿಷಗಳ ಧ್ವನಿ ಸಹಿತ ಪಾಠಗಳಿದ್ದು, ಅನೇಕವು ಕನ್ನಡದಲ್ಲಿಯೂ ಇವೆ. ಪಾಠವನ್ನು ನಿಲ್ಲಿಸಿ ನಿಲ್ಲಿಸಿ, ಪಕ್ಕದಲ್ಲಿಯೇ ತಾನೂ ಮಾಡುತ್ತ ಹೋಗುವುದು ಅದರ ಕ್ರಮ. ಎ.ಐ.ಸಿ.ಟಿ.ಇ. ಎಂಜಿನಿಯರಿಂಗ್ ಮೊದಲ ವರ್ಷದ ಪುಸ್ತಕಗಳನ್ನು ಕನ್ನಡವೂ ಸೇರಿದಂತೆ ಭಾರತೀಯ ಭಾಷೆಗಳಿಗೆ ಅನುವಾದಿಸಿ ಇ-ಕುಂಭ್ ಜಾಲತಾಣದಲ್ಲಿ ಉಚಿತವಾಗಿ ಇಟ್ಟಿದೆ. ಪರೀಕ್ಷೆಗೆ ಇಂಗ್ಲಿಷ್ ಪುಸ್ತಕವೇ ಬೇಕು. ಅರ್ಥವಾಗದ ಪುಟಕ್ಕೆ ಮಾತ್ರ ಕನ್ನಡದ ಪುಸ್ತಕ ತೆರೆದರೆ ಸಾಕು.

ಈ ವಿಷಯದಲ್ಲಿ ಕಾಸರಗೋಡಿನ ಶಿಕ್ಷಕರು ಉಳಿದವರಿಗಿಂತ ಮುಂದಿದ್ದಾರೆ. ಕೇರಳದ ಕೈಟ್ ಸಂಸ್ಥೆಯ ವ್ಯವಸ್ಥೆಯಲ್ಲಿ ಪ್ರೌಢಶಾಲೆಯ ಮಾಹಿತಿ ತಂತ್ರಜ್ಞಾನ ಪಠ್ಯ ಕನ್ನಡ ಮಾಧ್ಯಮದಲ್ಲಿಯೂ ಇದೆ, ಅದರಲ್ಲಿ ಪೈಥಾನ್ ಪರಿಚಯವೂ ಇದೆ, ಎಸ್.ಎಸ್.ಎಲ್.ಸಿ.ಯಲ್ಲಿ ಪ್ರಾಯೋಗಿಕ ಪರೀಕ್ಷೆಯೂ ಇದೆ. ಜತ್ತ, ಮಡಕಶಿರಾ, ಹೊಸೂರಿನ ಶಾಲೆಗಳ ಶಿಕ್ಷಕರು ಆ ಪುಸ್ತಕಗಳನ್ನು ತರಿಸಿಕೊಂಡು ನೋಡಬೇಕೆಂದು ಶಿಫಾರಸು ಮಾಡುತ್ತೇನೆ. ನಮ್ಮದೇ ಭಾಷೆಯಲ್ಲಿ ಸಿದ್ಧವಾಗಿರುವ ಸಾಮಗ್ರಿಯನ್ನು ಮತ್ತೆ ಹೊಸದಾಗಿ ತಯಾರಿಸುವ ಶ್ರಮ ಅನಗತ್ಯ.

ಎರಡು ಸೆಮಿಸ್ಟರುಗಳ ನಡುವಿನ ರಜೆಯಲ್ಲಿ ಮಗು ಊರಿಗೆ ಬಂದಾಗ ಶಾಲೆಗೆ ಕರೆದು ಒಂದು ಕೆಲಸ ಕೊಡಿ. ‘ಕನ್ನಡ’ ಎಂಬ ಪದದಲ್ಲಿ ಎಷ್ಟು ಅಕ್ಷರ ಎಂದು ನಮ್ಮ ಮೂರನೆಯ ತರಗತಿಯ ಮಗುವನ್ನು ಕೇಳಿದರೆ ಮೂರು ಎನ್ನುತ್ತದೆ. ಪೈಥಾನನ್ನು ಕೇಳಿದರೆ ಐದು ಎನ್ನುತ್ತದೆ: ಕ, ನ, ವಿರಾಮಚಿಹ್ನೆಯಾದ ಹಲಂತ, ಮತ್ತೆ ನ, ಡ. ಯುಟಿಎಫ್-8 ರೂಪದಲ್ಲಿ ಕಡತವಾಗಿ ಉಳಿಸಿದರೆ ಒಂದೊಂದಕ್ಕೆ ಮೂರು ಬೈಟಿನಂತೆ ಹದಿನೈದು. ಮೂರು, ಐದು, ಹದಿನೈದು ಏಕೆ ಬಂತು ಎಂದು ಎಂಟನೆಯ ತರಗತಿಯವರಿಗೆ ವಿವರಿಸಲು ಹೇಳಿ. ಆಮೇಲೆ ಒಂದು ಷಟ್ಪದಿಯ ಸಾಲನ್ನು ಕೊಟ್ಟರೆ ಲಘು ಗುರುಗಳನ್ನು ಗುರುತಿಸಿ ಮಾತ್ರೆ ಎಣಿಸುವ ಪ್ರೋಗ್ರಾಮನ್ನು ರಜೆ ಮುಗಿಯುವುದರೊಳಗೆ ಬರೆಯುವಂತೆ ಹೇಳಿ. ಒತ್ತಕ್ಷರದ ಹಿಂದಿನ ಅಕ್ಷರ ಗುರುವಾಗುವ ನಿಯಮವನ್ನು ಯಂತ್ರಕ್ಕೆ ತಿಳಿಸುವಲ್ಲಿ ಅವರು ಎರಡು ಮೂರು ದಿನ ಒದ್ದಾಡುತ್ತಾರೆ. ಆಗ ಛಂದಸ್ಸಿನ ನಿಯಮವನ್ನು ಕೇಳಲು ನಿಮ್ಮ ಬಳಿಗೇ ಬರುತ್ತಾರೆ. ಪೈಥಾನಿನ ಬಗೆಗೆ ನೀವು ಅವರನ್ನು ಕೇಳಬಹುದು.